ಚಿತ್ತಾಪುರದ ರತ್ನಾಬಾಯಿಯ ಕೂದಲು

ಸೇಡಂ
11 ಅಕ್ಟೋಬರ್ 1953

ಪ್ರೀತಿಯ ಅಣ್ಣ ಸಾಯಬಣ್ಣಗ ನಿನ್ನ ತಂಗಿ ಸೂಗಮ್ಮನ ಶರಣು.

ನಾವಿಬ್ಬರೂ ಇಲ್ಲಿ ಆರಾಮ ಇದ್ದೀವಿ. ಅವ್ವನ ಮೊಣಕಾಲು ನೋವು ಇದ್ದಂಗೇ ಅದ. ನನ್ನ ಜ್ವರ ಹೋಗಿ ಎರಡು ತಿಂಗಳ ಮ್ಯಾಲಾಯ್ತು. ಇಪ್ಪತ್ತೊಂದು ದಿನ ಹಾಸಿಗಿ ಹಿಡಿದಿದ್ದೆ ಅಂದ್ರ ಈಗ ನೋಡಿದವರು ನಂಬಂಗಿಲ್ಲ. ದಿನಾ ಕನ್ಯಾಶಾಲೆಗೆ ಕಲಿಸಾಕ ಹೋಗಾಕತ್ತೀನಿ. ಮೂರನೇ ಇಯತ್ತೆಗೆ ಈ ವರ್ಷ ಹುಡುಗ್ಯಾರು ಭಾಳ ಬಂದಾರ, ಕೂಡಾಕ ಪಟ್ಟಿ ಸಾಲವಲ್ಲವು.

ಚಿತ್ತಾಪುರದ ಬೀಗರು ಮದುವಿ ವೈಶಾಖದಾಗ ಇಟ್ಟುಕೊಳ್ಳೋಣ ಅಂತ ಗುರುಲಿಂಗಪ್ಪ ಕಾಕಾನ ಕೈಯಿಲೆ ಹೇಳಿ ಕಳಿಸ್ಯಾರ. ನನ್ನ ನೋಡಾಕ ಬಂದಾಗ ಶರಣಬಸಪ್ಪನವರ ಅವ್ವ ನನ್ನ ಹೆರಳು ಅಂಗೈ ಮ್ಯಾಲೆ ಇಟ್ಟುಕೊಂಡು ತೂಗಿ ನೋಡಿದ್ದು ನಿನಗ ನೆನಪಿರಬೇಕು. ನೀ ಅವತ್ತು ನಕ್ಕಿದ್ದಿ.

ಇನ್ನೊಂದು ಮಾತು. ಇದು ನಂದಲ್ಲ, ಸಾಲಿಯಾಗ ನನ್ನ ಸಂಗಟ ಕಲಿಸೋ ಲೀಲಾಬಾಯಿ ಅಕ್ಕೋರದು. ಆಕಿ ಕೂದಲು ಹಿಡಿ ಹಿಡಿ ಉದುರಾಕತ್ತಾವ. ಬಸ್ ಸ್ಟ್ಯಾಂಡಿನ್ಯಾಗ ಒಂದು ಛಾಪಿಸಿದ ಕಾಗದ ಹಂಚಿದರು. ಶ್ಯಾಮವೇಣಿ ತೈಲ ಅಂತ, ಪ್ರೊಫೆಸರ್ ವಿಶ್ವಂಭರ ಅನ್ನೋರು ಮಾಡತಾರಂತ. ಕಾರಖಾನಿ ನಿಮ್ಮ ವಾಡಿಯಾಗೇ ಅದ. ಕಾಗದದ ಕೆಳಗ ಒಬ್ಬಾಕಿ ಬರದಾಳ:

‘ವಿಷಮಜ್ವರದಿಂದ ಎದ್ದ ಮೇಲೆ ನನ್ನ ಕೂದಲು ಉದುರಿ ಬಾಚಣಿಗೆ ಕಂಡರೆ ಅಳು ಬರುತ್ತಿತ್ತು. ಈ ತೈಲವನ್ನು ನಲವತ್ತು ದಿನ ಹಚ್ಚಿದೆ. ಈಗ ನನ್ನ ಹೆರಳು ಸೊಂಟ ದಾಟಿದೆ. – ರತ್ನಾಬಾಯಿ, ಚಿತ್ತಾಪುರ.’

ನೀ ಗೂಡ್ಸ್ ಆಫೀಸಿನ್ಯಾಗ ಇರ್ತೀ, ನಾಕು ಮಂದಿ ಗುರ್ತು ಅದ. ಜರಾ ಹೋಗಿ ನೋಡು. ಈ ರತ್ನಾಬಾಯಿ ಖರೇನೇ ಇದ್ದಾಳೇನು ಕೇಳು. ಲೀಲಾಬಾಯಿ ಅಕ್ಕೋರು ಭಾಳ ಅಂಜ್ಯಾರ.

ನಿನ್ನ ತಂಗಿ
ಸೂಗಮ್ಮ


ವಾಡಿ
18 ಅಕ್ಟೋಬರ್ 1953

ಚಿ. ಸೂಗಮ್ಮಗ ಅಣ್ಣನ ಆಶೀರ್ವಾದ.

ನಿನ್ನ ಕಾಗದ ಮುಟ್ಟಿತು. ಆಫೀಸಿನ್ಯಾಗ ಕೆಲಸ ಭಾಳ ಇತ್ತು, ಅದಕ್ಕ ತಡ ಆಯ್ತು. ಅವ್ವಗ ಬಿಸಿ ಉಪ್ಪಿನ ಗಂಟು ಕಟ್ಟು.

ಆ ಔಷಧಾಲಯದ ಬೋರ್ಡು ಸ್ಟೇಶನ್ ರಸ್ತೆದಾಗ ನೋಡೀನಿ. ಒಳಗ ಹೋಗಿಲ್ಲ. ಎಣ್ಣಿ ಅಂದ್ರ ಎಣ್ಣಿ, ಹಚ್ಚಿದರ ತಲಿ ತಂಪಾಗ್ತದ, ಕೇಡೇನಿಲ್ಲ. ಲೀಲಾಬಾಯಿಗೆ ಮನಸ್ಸಿದ್ದರ ತರಿಸಿಕೊಳ್ಳಲಿ. ರತ್ನಾಬಾಯಿನ ಹುಡುಕೋದೇನು ಬ್ಯಾಡ. ಚಿತ್ತಾಪುರದಾಗ ರತ್ನಾಬಾಯಿ ಅನ್ನೋರು ಎಷ್ಟು ಮಂದಿ ಇದ್ದಾರು.

ನೀ ನಿನ್ನ ಮದುವಿ ಬಗ್ಗೆ ಎರಡು ಸಾಲು ಬರದು ಲೀಲಾಬಾಯಿ ಬಗ್ಗೆ ಅರ್ಧ ಕಾಗದ ಬರದೀ. ಶರಣಬಸಪ್ಪ ಛಲೋ ಮನಷ್ಯಾ. ತಹಸೀಲ ಕಚೇರಿಯಾಗ ಗುಮಾಸ್ತ ಆಗಿ ಒಬ್ಬರ ಕಡಿಂದನೂ ಮಾತು ಕೇಳಿಲ್ಲ. ನಿನ್ನ ಮನಸ್ಸಿನ್ಯಾಗ ಏನರ ಇದ್ದರ ಅಣ್ಣನ ಮುಂದ ಹೇಳು.

ನಿನ್ನ ಅಣ್ಣ
ಸಾಯಬಣ್ಣ


ಸೇಡಂ
22 ನವೆಂಬರ್ 1953

ಅಣ್ಣಗ ಸೂಗಮ್ಮನ ಶರಣು.

ಒಂದು ತಿಂಗಳು ಬರೀಲಿಲ್ಲ, ಸಿಟ್ಟಾಗಬ್ಯಾಡ. ಮದುವಿ ವೈಶಾಖದಾಗ ಬ್ಯಾಡ, ಮುಂದಿನ ವರ್ಷ ಇಡೋಣ ಅಂತ ಬೀಗರಿಗೆ ಹೇಳಾಕ ಆಗ್ತದೇನು. ಕಾರಣ ಕೇಳಬ್ಯಾಡ. ಸಾಲಿಯಾಗ ಪರೀಕ್ಷಾ ಅದ ಅಂತ ಹೇಳು, ನನ್ನ ಮೈಯಾಗ ಇನ್ನೂ ಶಕ್ತಿ ಬಂದಿಲ್ಲಂತ ಹೇಳು.

ಲೀಲಾಬಾಯಿ ಅಕ್ಕೋರು ಎಣ್ಣಿ ತರಿಸಿ ತಿಂಗಳು ಹಚ್ಚಿದರು. ಉದುರೋದು ನಿಲ್ಲಲಿಲ್ಲ. ಔಷಧಾಲಯಕ್ಕ ಬರದದ್ದಕ್ಕ ಛಾಪಿಸಿದ ಕಾಗದ ಬಂತು. ‘ನಿಮ್ಮ ದೇಹಪ್ರಕೃತಿ ಉಷ್ಣವಾದದ್ದು, ಪಥ್ಯದಲ್ಲಿ ತಪ್ಪಿದ್ದೀರಿ, ಇನ್ನು ಎರಡನೇ ನಂಬರಿನ ತೈಲವೇ ಬೇಕು’ ಅಂತ ಅದರಾಗ ಅದ. ಹಚ್ಚಿದಾಗ ಉರಿ ಬಂದರ ಬೇರು ಎಚ್ಚರ ಆಗಾಕತ್ಯಾವ ಅಂತ ತಿಳೀಬೇಕಂತ. ನಡುವ ಡಾಕ್ಟರಿಗೆ ತೋರಿಸಿದರ ಗುಣ ಕೆಡ್ತದಂತ, ಯಾರ ಮುಂದೂ ಹೇಳಬಾರದಂತ.

ಬ್ಯಾನಿ ಅಂದ್ರ ಡಾಕ್ಟರಿಗೆ ತೋರಿಸೋದು. ಇವರು ಯಾಕ ಬ್ಯಾಡ ಅಂತಾರ? ಆದರ ರತ್ನಾಬಾಯಿಗೂ ಜ್ವರ ಬಂದೇ ಉದುರಿದ್ದವಲ್ಲ, ಆಕಿಗೆ ಬಂದವಲ್ಲ ಅಂತ ಒಂದು ಮನಸ್ಸು ಹೇಳ್ತದ. ಲೀಲಾಬಾಯಿ ಅಕ್ಕೋರು ರಾತ್ರಿ ನಿದ್ದಿ ಮಾಡವಲ್ಲರು. ನೀನೇ ಹೇಳು, ಎರಡನೇ ನಂಬರ ತರಿಸಬೇಕೋ ಬ್ಯಾಡೋ.

ಸೂಗಮ್ಮ


ವಾಡಿ
27 ನವೆಂಬರ್ 1953

ಚಿ. ಸೂಗಮ್ಮಗ ಆಶೀರ್ವಾದ.

ಎರಡನೇ ನಂಬರ ಬಗ್ಗೆ ನನಗ ಗೊತ್ತಿಲ್ಲ. ಬ್ಯಾಡ ಅಂದ್ರ ಛಲೋ ಅನಸ್ತದ. ಆದರ ನಾ ಹೇಳೀನಂತ ಯಾರ ಮುಂದೂ ಅನಬ್ಯಾಡ. ಇಲ್ಲಿ ನಾಕು ಮಂದಿಯಾಗ ಇರಬೇಕು.

ಈಗ ಮದುವಿ ಮಾತು. ನಿನಗ ಶರಣಬಸಪ್ಪ ಮನಸ್ಸಿಗೆ ಬಂದಿಲ್ಲ, ಹೇಳಾಕ ಅಂಜಾಕತ್ತೀ ಅಂತ ನನಗ ತಿಳೀತು. ಪರೀಕ್ಷಾ, ಶಕ್ತಿ, ಇವೆಲ್ಲಾ ನೆವ. ಅಪ್ಪ ಇಲ್ಲ ಅಂತ ನಿನ್ನ ಯಾರೂ ಒತ್ತಾಯ ಮಾಡಬಾರದು. ನಾ ಗುರುಲಿಂಗಪ್ಪ ಕಾಕಾಗ ಜರಾ ತಡೀರಿ ಅಂತ ಕಾಗದ ಹಾಕೀನಿ. ಹುಡುಗಿ ಮನಸ್ಸು ಪೂರಾ ಇಲ್ಲಂತ ಸೂಚನಾ ಕೊಟ್ಟೀನಿ. ನೀ ಕಾಳಜಿ ಮಾಡಬ್ಯಾಡ, ನಾ ಇದ್ದೀನಿ.

ಸಾಯಬಣ್ಣ


ಸೇಡಂ
6 ಡಿಸೆಂಬರ್ 1953

ಗೆ,
ಪ್ರೊಫೆಸರ್ ವಿಶ್ವಂಭರ ಅವರು,
ಶ್ಯಾಮವೇಣಿ ಔಷಧಾಲಯ, ವಾಡಿ.

ಮಾನ್ಯರೇ,

ತಮ್ಮ ಎರಡನೇ ನಂಬರಿನ ತೈಲವನ್ನು ಆರು ದಿನ ಹಚ್ಚಿದ್ದೇನೆ. ಮೊದಲ ದಿನ ಉರಿಯಿತು. ತಾವು ಬರೆದಂತೆ ಅದು ಒಳ್ಳೆಯ ಲಕ್ಷಣವೆಂದು ಸಹಿಸಿದೆ. ಮೂರನೇ ದಿನ ಎಡಗಿವಿಯ ಮೇಲೆ ಗುಳ್ಳೆಗಳು ಎದ್ದವು. ಈಗ ಅವು ಒಡೆದು ನೀರು ಸೋರುತ್ತಿದೆ. ಅಲ್ಲಿಯ ಚರ್ಮ ಕಪ್ಪಾಗಿದೆ. ಕಣ್ಣಿನ ರೆಪ್ಪೆಯೂ ಬಾತಿದೆ. ಮನೆಯಲ್ಲಿ ತಾಯಿಗೆ ಹೇಳಿಲ್ಲ. ಸೆರಗು ಹೊದ್ದು ಓಡಾಡುತ್ತೇನೆ.

ಇದು ಗುಣದ ಲಕ್ಷಣವೋ, ಕೇಡಿನ ಲಕ್ಷಣವೋ ದಯಮಾಡಿ ತಿರುಗಿ ಟಪಾಲಿಗೆ ತಿಳಿಸಬೇಕು. ಚಿತ್ತಾಪುರದ ರತ್ನಾಬಾಯಿಯವರಿಗೂ ಹೀಗೇ ಆಗಿತ್ತೇ? ಅವರ ಪೂರ್ತಿ ವಿಳಾಸ ಕೊಟ್ಟರೆ ನಾನೇ ಹೋಗಿ ಕೇಳುತ್ತೇನೆ. ನನಗೆ ವೈಶಾಖದಲ್ಲಿ ಮದುವೆ ಇದೆ.

ಇಂತಿ,
ಲೀಲಾಬಾಯಿ, ಶಿಕ್ಷಕಿ,
ಕನ್ಯಾಶಾಲೆ, ಸೇಡಂ


ವಾಡಿ
9 ಡಿಸೆಂಬರ್ 1953

ಸೂಗಿ,

ಮೊದಲು ಆ ಬಾಟ್ಲಿ ದೂರ ಇಡು. ಇನ್ನೊಂದು ಹನಿ ಹಚ್ಚಬ್ಯಾಡ. ತಣ್ಣೀರಿಲೆ ಮೆಲ್ಲಕ ತೊಳಿ, ತಿಕ್ಕಬ್ಯಾಡ. ಆಮ್ಯಾಲೆ ಕುಂತು ಓದು.

ನಿನ್ನೆ ಟಪಾಲು ಬಂತು. ಈ ತಿಂಗಳಿಂದ ತಕರಾರಿನ ಕಾಗದ ಒಡಿಯೋದೂ ನನ್ನ ಕೆಲಸ, ನಿನ್ನ ಹಿಂದಿನ ಕಾಗದ ನನ್ನ ಕೈಗೆ ಬಂದಿರಲಿಲ್ಲ. ಸಹಿ ಲೀಲಾಬಾಯಿ ಅಂತಿತ್ತು. ಅಕ್ಷರ ನಿನ್ನವು. ನಿನಗ ಪಾಟಿ ಮ್ಯಾಲೆ ಅಕ್ಷರ ತಿದ್ದಿಸಿದಾವ ನಾ, ನನಗ ಗುರ್ತು ಸಿಗದಂಗ ಇರ್ತಾವೇನು. ಎರಡು ಸಲ ಓದಿದೆ. ಮದುವಿ ಅದ ಅನ್ನೋ ಸಾಲು ಓದಿ ಎದ್ದು ಹೊರಗ ಹೋದೆ.

ನಾ ಗೂಡ್ಸ್ ಆಫೀಸಿನ್ಯಾಗ ಇಲ್ಲ. ಎಂದೂ ಇರಲಿಲ್ಲ. ವಾಡಿಗೆ ಬಂದು ಎಂಟು ತಿಂಗಳು ನೌಕರಿ ಸಿಗಲಿಲ್ಲ. ಸ್ಟೇಶನ್ ಹೊರಗ ಕುಂತು ಓದು ಬರದವರಿಗೆ ಅರ್ಜಿ, ಕಾಗದ ಬರದು ಕೊಡ್ತಿದ್ದೆ. ಪ್ರೊಫೆಸರ್ ನನ್ನ ಅಕ್ಷರ ನೋಡಿ ಕರಕೊಂಡು ಹೋದ. ಅಂವ ಪ್ರೊಫೆಸರೂ ಅಲ್ಲ, ವೈದ್ಯನೂ ಅಲ್ಲ. ಮೊದಲು ರೈಲಿನ್ಯಾಗ ಹಲ್ಲಿನ ಪುಡಿ ಮಾರ್ತಿದ್ದನಂತ. ನನ್ನ ಕೆಲಸ ಏನಂದ್ರ ಗುಣ ಆದವರು ಬರದಂಗ ಕಾಗದ ಬರಿಯೋದು. ಮೂವತ್ತೆಂಟು ಹೆಂಗಸರ ಹೆಸರಿಲೆ ಬರದೀನಿ. ಅವರ್ಯಾರೂ ಭೂಮಿ ಮ್ಯಾಲಿಲ್ಲ.

ರತ್ನಾಬಾಯಿನೂ ಇಲ್ಲ. ಶ್ರಾವಣದಾಗ ಅವ್ವ ನಿನ್ನ ಜ್ವರದ ಬಗ್ಗೆ ಬರಿಸಿ ಕಳಿಸಿದ್ದಳಲ್ಲ, ಅದೇ ವಾರ ಅಂವ ಜ್ವರದಿಂದ ಕೂದಲು ಹೋದಾಕಿ ಒಬ್ಬಾಕಿ ಬೇಕು ಅಂದ. ನಿನ್ನ ಜ್ವರ ತಗೊಂಡು ಆಕಿಗೆ ಕೊಟ್ಟೆ. ಅದಕ್ಕೇ ಅದು ನಿನಗ ಅಷ್ಟು ಖರೆ ಅನಸ್ತು.

ಮೊದಲನೇ ನಂಬರ ಬರೇ ಔಡಲೆಣ್ಣಿ, ಶೇಂಗಾದೆಣ್ಣಿ, ಬಣ್ಣ, ವಾಸನಿ. ಅದಕ್ಕೇ ಕೇಡಿಲ್ಲ ಅಂತ ಬರದೆ. ಎರಡನೇದರಾಗ ಏನದ ಅಂತ ನಿನ್ನೆ ಪಾರ್ಸಲ್ ಕಟ್ಟೋ ಗೋಪಾಲನ್ನ ಹಿಡಿದು ಕೇಳಿದೆ. ಅಗಸರು ಅರಿಬಿಗೆ ಗುರ್ತು ಹಾಕತಾರಲ್ಲ, ಆ ಕೇರಿನ ಬೀಜದ ಎಣ್ಣಿ. ಮೈಗೆ ಹತ್ತಿದರ ಸುಡ್ತದ. ಯಾಕ ಹಾಕತೀರಿ ಅಂತ ಪ್ರೊಫೆಸರ್‌ನ್ನೇ ಕೇಳಿದೆ. ‘ಉರಿದರ ಮಂದಿ ನಂಬತಾರ. ತಂಪಿದ್ದರ ಮತ್ತೊಂದು ಬಾಟ್ಲಿ ತರಸಂಗಿಲ್ಲ’ ಅಂದ. ನಗಾಕತ್ತಿದ್ದ.

ಎರಡನೇದು ಗೊತ್ತಿಲ್ಲ ಅಂತ ಬರದಾಗ ಖರೇನೇ ಗೊತ್ತಿರಲಿಲ್ಲ. ಆದರ ಬಲವಾಗಿ ಬ್ಯಾಡ ಅಂದಿದ್ದರ ನಿನಗ ಹೆಂಗ ಗೊತ್ತು ಅಂತ ನೀ ಕೇಳತಿದ್ದಿ. ಅದಕ್ಕ ಅಂಜಿ ಅರ್ಧ ಮಾತು ಬರದೆ.

ಶಹಾಬಾದಿನ್ಯಾಗ ಅಬ್ದುಲ್ ಕರೀಮ್ ಡಾಕ್ಟರ ದವಾಖಾನಿ ಅದ. ಐತವಾರ ಸೇಡಂ ಗಾಡಿಗೆ ಬಾ. ವಾಡಿಯಾಗ ನಾ ಪ್ಲಾಟ್‌ಫಾರ್ಮಿನ ಮ್ಯಾಲೆ ನಿಂತಿರ್ತೀನಿ, ಸಂಗಟ ಹೋಗೋಣು. ಬೈಯೋದಿದ್ದರ ಅಲ್ಲೇ ಬೈ.

ಸಾಯಬಣ್ಣ


ವಾಡಿ
21 ಡಿಸೆಂಬರ್ 1953

ಸೂಗಿ,

ಹೋದ ಐತವಾರ ನೀ ಬರಲಿಲ್ಲ. ನಿನ್ನೆ ಐತವಾರನೂ ಎರಡು ಗಾಡಿ ನೋಡಿದೆ. ಹೆಂಗಸರ ಡಬ್ಬಿ ಮುಂದ ನಿಂತೆ ಅಂತ ಪೊಲೀಸರು ಎಬ್ಬಿಸಿದರು.

ಕಾಗದ ಮುಟ್ಟಿತೋ ಇಲ್ಲೋ, ಬಾಟ್ಲಿ ಚೆಲ್ಲಿದಿಯೋ ಇಲ್ಲೋ, ಅಷ್ಟರ ಬರಿ. ಜ್ವರ ಬಂದದೇನು? ಕಣ್ಣಿನ ಬಾವು ಇಳೀತೇನು? ಒಂದೇ ಸಾಲು ಸಾಕು.

ಸಾಯಬಣ್ಣ


ವಾಡಿ
10 ಜನವರಿ 1954

ಸೂಗಿ,

ನೌಕರಿ ಬಿಟ್ಟೆ. ಹೋದ ವಾರ ಸೇಡಂಗೆ ಬಂದಿದ್ದೆ. ಅವ್ವ ಚಹಾ ಕೊಟ್ಟಳು, ನೀ ಸಾಲಿಯಾಗ ಅದಿ ಅಂದಳು. ಆಕಿಗೆ ಏನೂ ಗೊತ್ತಿದ್ದಂಗ ಕಾಣಲಿಲ್ಲ. ಸಾಲಿ ಮುಂದ ಬಿಡೋತನಕ ನಿಂತೆ. ನೀ ಹಿಂದಿನ ಬಾಗಲದಿಂದ ಹೋದಿ ಅಂತ ಒಬ್ಬ ಹುಡುಗಿ ಹೇಳಿದಳು. ನನ್ನ ನೋಡಿ ಹೋದಿ ಅಂದ್ರ ಕಣ್ಣು ನೆಟ್ಟಗ ಅವ ಅಂತ ಸಮಾಧಾನ ಮಾಡಿಕೊಂಡೆ.

ಸಾಯಬಣ್ಣ


ಸೇಡಂ
17 ಜನವರಿ 1954

ಅಣ್ಣಗ,

ಕಣ್ಣು ನೆಟ್ಟಗ ಅವ.

ನಿನ್ನ ಕಾಗದ ಬಂದ ದಿನ ನಾ ಲೀಲಾಬಾಯಿ ಅಕ್ಕೋರ ಮನಿಗೆ ಹೋಗಿ ಸೆರಗು ತೆಗೆದು ತೋರಿಸಿದೆ. ಅವರ ಹೆಸರು ಬಳಸಿಕೊಂಡೀನಂತನೂ ಹೇಳಿದೆ. ಅವರ ಕೂದಲು ಒಂದೂ ಉದುರಿಲ್ಲ, ಗಟ್ಟಿಮುಟ್ಟಾಗಿ ಅವ. ಅವರು ನನ್ನ ತಲಿ ನೋಡಿ ಸಿಟ್ಟು ಮಾಡಲಿಲ್ಲ. ಆ ಛಾಪಿಸಿದ ಕಾಗದ ತರಸಿ ಓದಿದರು. ‘ಸೂಗಮ್ಮ, ಕೂದಲು ತಿಂಗಳಿಗೆ ಬೆರಳಿನ ಅಗಲನೂ ಬೆಳೆಯಂಗಿಲ್ಲ. ಬೋಳಾದಾಕಿಗೆ ನಲವತ್ತು ದಿನದಾಗ ಸೊಂಟ ಹೆಂಗ ದಾಟಿತು? ನೀ ಹುಡುಗ್ಯಾರಿಗೆ ಲೆಕ್ಕ ಕಲಿಸ್ತಿ’ ಅಂದರು. ನಾ ಆ ಸಾಲು ನೂರು ಸಲ ಓದಿದ್ದೆ. ಒಂದು ಸಲನೂ ಲೆಕ್ಕ ಹಾಕಿರಲಿಲ್ಲ.

ಇಬ್ಬರೂ ಬುಧವಾರ ರಜಾ ಹಾಕಿ ಶಹಾಬಾದಿಗೆ ಹೋದೆವು. ವಾಡಿಯಾಗ ಗಾಡಿ ಬದಲಿ ಮಾಡೋವಾಗ ನೀ ಕಾಣ್ತೀಯೇನೋ ಅಂತ ತಲಿ ತಗ್ಗಿಸಿ ನಡೆದೆ. ಐತವಾರ ನೀ ಇರ್ತೀ ಅಂತಲೇ ಬುಧವಾರ ಹೋಗಿದ್ದು.

ಕರೀಮ್ ಡಾಕ್ಟರು ವಯಸ್ಸಾದವರು. ಮೊದಲು ಜ್ವರ ಯಾವಾಗ ಬಂತು ಕೇಳಿದರು. ಆಮ್ಯಾಲೆ ಹೇಳಿದರು: ‘ಬೇಟಿ, ದೊಡ್ಡ ಜ್ವರ ಹೋಗಿ ಎರಡು ಮೂರು ತಿಂಗಳಿಗೆ ಕೂದಲು ಹಿಂಗ ಉದುರ್ತಾವ. ಬೇರು ಸಾಯಂಗಿಲ್ಲ. ಆರು ತಿಂಗಳು, ವರ್ಷದಾಗ ತಾವೇ ಬರ್ತಾವ. ನೀ ಏನೂ ಹಚ್ಚದಿದ್ದರೂ ಬರ್ತಿದ್ದವು.’

‘ಮತ್ತ ಇಷ್ಟು ಮಂದಿ ಈ ಎಣ್ಣಿ ಯಾಕ ನಂಬತಾರ್ರಿ?’ ಅಂತ ಲೀಲಾಬಾಯಿ ಅಕ್ಕೋರು ಕೇಳಿದರು.

‘ತಾವಾಗೇ ಬಂದರ ಎಣ್ಣಿಂದ ಬಂತು ಅಂತಾರ. ಬರದಿದ್ದರ ನಿಮ್ಮ ಪಥ್ಯ ತಪ್ಪಿತು ಅಂತಾರ. ಅವರು ಎಂದೂ ಸೋಲಂಗಿಲ್ಲ ನೋಡ್ರಿ. ಕೂದಲು ಉದುರಾಕ ಕಾರಣ ಹತ್ತು ಅವ. ಜ್ವರ, ಬಾಣಂತನ, ಹುಳಕಡ್ಡಿ, ಊಟದ ಕೊರತಿ. ಹತ್ತಕ್ಕೂ ಒಂದೇ ಬಾಟ್ಲಿ ಅಂದಾಗೇ ಎಚ್ಚರಾಗಬೇಕು. ಡಾಕ್ಟರಿಗೆ ತೋರಿಸಬ್ಯಾಡ, ಯಾರಿಗೂ ಹೇಳಬ್ಯಾಡ ಅಂದ್ರ ಅಲ್ಲಿಂದ ಎದ್ದು ಬರಬೇಕು.’

ಮುಲಾಮು ಕೊಟ್ಟಾರ. ಗಾಯ ಒಣಗ್ಯಾವ. ಆದರ ಎಡಗಿವಿ ಮ್ಯಾಲೆ ನನ್ನ ಮೂರು ಬೆರಳಿನಷ್ಟು ಜಾಗ ಸುಟ್ಟು ಕಲೆಯಾಗ್ಯಾದ. ‘ಇಲ್ಲಿ ಬರೋದು ಕಷ್ಟ. ಸುಳ್ಳು ಹೇಳಂಗಿಲ್ಲ’ ಅಂದರು. ಜ್ವರ ತಗೊಂಡದ್ದು ತಿರುಗಿ ಬರ್ತದ. ನಿಮ್ಮ ಬಾಟ್ಲಿ ತಗೊಂಡದ್ದು ಬರಂಗಿಲ್ಲ.

ಶರಣಬಸಪ್ಪನವರು ನನಗ ಮನಸ್ಸಿಗೆ ಬಂದಿಲ್ಲಂತ ನಿನಗ ಯಾರು ಹೇಳಿದರು? ನನಗ ಅವರು ಮನಸ್ಸಿಗೆ ಬಂದಿದ್ದರು. ಅದಕ್ಕೇ ಅಂಜಿದ್ದೆ.

ಅಣ್ಣ, ನಿನ್ನ ಮ್ಯಾಲೆ ಎಷ್ಟು ಸಿಟ್ಟದ ಅಂತ ಬರೀಬೇಕಂತ ಕುಂತೆ, ಬರೀಲಿಕ್ಕೆ ಬರವಲ್ಲದು. ನೀ ನೌಕರಿ ಬಿಟ್ಟಿ, ನೀ ನನ್ನ ಸಾಲಿ ಮುಂದ ನಿಂತಿ. ಆದರ ಈಗೂ ಆ ಎಣ್ಣಿ ಹಚ್ಚಾಕತ್ತವರಿಗೆ ಯಾರು ಹೇಳತಾರ?

ಸೂಗಮ್ಮ


ಶಹಾಬಾದ
5 ಫೆಬ್ರವರಿ 1954

ಚಿ. ಸೂಗಮ್ಮಗ ಆಶೀರ್ವಾದ.

ನೀ ಕೇಳಿದ್ದಕ್ಕ ಉತ್ತರ ಮಾಡಿ ತೋರಿಸಿ ಬರೀಬೇಕಂತ ತಡ ಮಾಡಿದೆ.

ಗೋಪಾಲನ್ನ ಒಪ್ಪಿಸಿ ಪಾರ್ಸಲ್ ಬುಕ್ಕಿನಿಂದ ಎರಡನೇ ನಂಬರ ತರಿಸಿದವರ ವಿಳಾಸ ಎಲ್ಲಾ ಇಳಿಸಿಕೊಂಡೆ. ನಿನ್ನ ಬಿಟ್ಟು ಐವತ್ತಮೂರು ಮಂದಿ. ಚಿಂಚೋಳಿ, ಚಿಮ್ಮನಚೋಡ, ಸೇಡಂ, ಚಿತ್ತಾಪುರ, ಎಲ್ಲಾ ಕಡಿ ಅದಾರ. ಆಮ್ಯಾಲೆ ಚಿತ್ತಾಪುರದ ಪೊಲೀಸ್ ಠಾಣೆಗೆ ಹೋಗಿ ನಾ ಬರದ ಸುಳ್ಳು ಕಾಗದದ ನಕಲು ಕೊಟ್ಟೆ, ಹೇಳಿಕಿ ಬರಸಿದೆ. ‘ನೀನೂ ಇದರಾಗ ಇದ್ದಿ, ನಿನ್ನ ಹೆಸರೂ ಬರ್ತದ’ ಅಂದರು. ಬರಲಿ ಅಂದೆ. ಮರುದಿನವೇ ಅವರು ವಾಡಿಗೆ ಬಂದರು. ಅಷ್ಟರಾಗ ಪ್ರೊಫೆಸರ್ ಬೊಂಬಾಯಿ ಗಾಡಿ ಹತ್ತಿ ಹೋಗಿದ್ದ. ಗೋಪಾಲನ ಪಗಾರನೂ ಕೊಟ್ಟಿಲ್ಲ. ಬಾಟ್ಲಿ, ಕೇರಿನ ಎಣ್ಣಿ ಡಬ್ಬಿ, ಎಲ್ಲಾ ಜಪ್ತಿ ಆಗ್ಯಾವ.

ಐವತ್ತಮೂರು ಮಂದಿಗೂ ಕಾರ್ಡು ಹಾಕೀನಿ. ನನ್ನ ಖರೆ ಹೆಸರು ಬರದೀನಿ. ಎಣ್ಣಿಯಾಗ ಏನಿತ್ತು ಬರದೀನಿ. ಬರೇ ಎಚ್ಚರ ಅಂದ್ರ ಯಾರೂ ನಂಬಂಗಿಲ್ಲಂತ, ನನ್ನ ಸ್ವಂತ ತಂಗಿ, ಸೇಡಂ ಕನ್ಯಾಶಾಲೆ ಶಿಕ್ಷಕಿ ಸೂಗಮ್ಮ, ಇದರಿಂದಲೇ ತಲಿ ಸುಟ್ಟುಕೊಂಡಾಳಂತನೂ ಬರದೀನಿ. ಇಷ್ಟು ದಿನ ಇಲ್ಲದ ಹೆಸರು ಬರದೆ. ಒಂದು ಸಲರ ಇರೋ ಹೆಸರು ಬರದೀನಿ.

ಈಗ ಶಹಾಬಾದಿನ್ಯಾಗ ಫರಸಿ ಕಲ್ಲು ಕೊಯ್ಯೋ ಕಡಿ ಕೆಲಸಕ್ಕ ಇದ್ದೀನಿ. ಕಲ್ಲಿನ ಮ್ಯಾಲೆ ಉದ್ದ, ಅಗಲ ಬರಿಯೋದು. ಸುಳ್ಳು ಬರದರ ಕಲ್ಲು ಕೂಡಂಗಿಲ್ಲ, ಆಗಲೇ ಸಿಕ್ಕಿಬೀಳ್ತದ. ಮನಸ್ಸು ಹಗುರ ಅದ.

ಸಾಯಬಣ್ಣ


ಸೇಡಂ
28 ಫೆಬ್ರವರಿ 1954

ಅಣ್ಣಗ,

ನಿನ್ನ ಮನಸ್ಸು ಹಗುರ ಆಯ್ತು. ನನ್ನ ಮನಿಯಾಗ ಏನಾಯ್ತು ಕೇಳು.

ನೀ ಕಾರ್ಡು ಹಾಕಿದ ಐವತ್ತಮೂರು ಮಂದಿಯಾಗ ಒಬ್ಬಾಕಿ ಶರಣಬಸಪ್ಪನವರ ಸೋದರತ್ತಿ. ಕಾರ್ಡಿಗೆ ಮುಚ್ಚಳ ಇರಂಗಿಲ್ಲ ಅಣ್ಣ. ಟಪಾಲಿನವರು ಓದಿದರು, ಓಣಿ ಓದಿತು, ಆಮ್ಯಾಲೆ ಅವರ ಮನಿ ಓದಿತು. ಮಂಗಳವಾರ ಗುರುಲಿಂಗಪ್ಪ ಕಾಕಾ ಬಂದ. ಪಡಸಾಲಿಯಾಗ ಕುಂತು ನೀರು ಸುದ್ದಾ ಮುಟ್ಟಲಿಲ್ಲ.

‘ಭಾಗಮ್ಮ, ಮೊದಲು ಹುಡುಗಿಗೆ ಮನಸ್ಸಿಲ್ಲಂತ ನಿನ್ನ ಮಗ ಬರದ. ಈಗ ಹುಡುಗಿ ತಲಿ ಸುಟ್ಟದಂತ ಊರಿಗೆಲ್ಲಾ ಬರದಾನ. ನಾ ಬೀಗರ ಮುಂದ ಯಾವ ಮುಖ ಇಟ್ಟುಕೊಂಡು ನಿಲ್ಲಲಿ?’

ಅವ್ವ ಏನೂ ತಿಳಿಯದೆ ನನ್ನ ಕಡಿ ನೋಡಿದಳು. ನಾಕು ತಿಂಗಳು ಆಕಿ ಮುಂದ ಸೆರಗು ತೆಗೆದಿರಲಿಲ್ಲ. ಅವತ್ತು ಕಾಕಾನ ಎದುರಿಗೇ ತೆಗೆದೆ. ಅವ್ವ ಕೈಯಿಲೆ ಮುಟ್ಟಿ ನೋಡಿದಳು. ‘ನನ್ನ ಮುಂದ ಯಾಕ ಹೇಳಲಿಲ್ಲವ್ವ’ ಅಂದಳು, ಅಷ್ಟೇ. ಅವತ್ತಿನಿಂದ ಆಕಿ ಮಾತು ಕಡಿಮಿ ಮಾಡ್ಯಾಳ.

ಚಿತ್ತಾಪುರದವರು ತಮ್ಮ ಕಡಿಂದ ಇಬ್ಬರು ಹೆಂಗಸರನ್ನ ಕಳಿಸಿ ನನ್ನ ತಲಿ ನೋಡತಾರಂತ. ನೋಡಿದ ಮ್ಯಾಲೆ ಹೇಳತಾರಂತ. ಸಂತಿಯಾಗ ಆಕಳದ ಬಾಯಿ ತೆಗೆದು ಹಲ್ಲು ನೋಡಿದಂಗ. ನಾ ಆಗಂಗಿಲ್ಲ ಅಂತ ಹೇಳಿ ಕಳಿಸೀನಿ.

ಎಚ್ಚರ ಕೊಡಬೇಕು ಅಂತ ನಾನೇ ಅಂದಿದ್ದೆ, ಖರೆ. ಆದರ ನನ್ನ ಹೆಸರು ಕೊಡಬೇಕಾದ್ರ ನನ್ನ ಒಂದು ಮಾತು ಕೇಳಬೇಕಿತ್ತು. ಮೊದಲು ನನ್ನ ಜ್ವರ ಕೇಳದೆ ತಗೊಂಡಿ. ಈಗ ನನ್ನ ಗಾಯ ಕೇಳದೆ ತಗೊಂಡಿ.

ಸೂಗಮ್ಮ


ಶಹಾಬಾದ
8 ಮಾರ್ಚ್ 1954

ಸೂಗಿ,

ನೀ ಬರದದ್ದು ಎಲ್ಲಾ ಖರೆ.

ಚಿತ್ತಾಪುರಕ್ಕ ಹೋಗಿ ಅವರವ್ವನ ಕಾಲು ಹಿಡಿಬೇಕು ಅನಸಾಕತ್ತದ. ಎರಡು ಸಲ ಸ್ಟೇಶನ್ ತನಕ ಹೋಗಿ ತಿರುಗಿ ಬಂದೀನಿ. ಈ ಸಲ ನಿನ್ನ ಕೇಳದೆ ಹೋಗಂಗಿಲ್ಲ. ಹೋಗಲೋ ಬ್ಯಾಡೋ ಹೇಳು.

ಸಾಯಬಣ್ಣ


ಸೇಡಂ
21 ಮಾರ್ಚ್ 1954

ಅಣ್ಣಗ ಸೂಗಮ್ಮನ ಶರಣು.

ಚಿತ್ತಾಪುರಕ್ಕ ಹೋಗಬ್ಯಾಡ. ಅಲ್ಲಿ ಮಾತು ಮುಗಿದದ.

ಹೋದ ಶುಕ್ರವಾರ ಶರಣಬಸಪ್ಪನವರು ತಾವೇ ಬಂದಿದ್ದರು. ಮನಿಗೆ ಬರಲಿಲ್ಲ, ಸಾಲಿಗೆ ಬಂದರು. ಲೀಲಾಬಾಯಿ ಅಕ್ಕೋರು ಅಂಗಳದಾಗ ಎರಡು ಕುರ್ಚಿ ಹಾಕಿಸಿ ತಾವು ಬಾಗಲದಾಗ ನಿಂತರು.

‘ನೀವು ಮೊದಲೇ ನನಗ ಹೇಳಬೇಕಿತ್ತು’ ಅಂದರು.

‘ಹೌದ್ರಿ, ಹೇಳಬೇಕಿತ್ತು. ಅಂಜಿದ್ದೆ.’

‘ಕೂದಲಿಂದ ನನಗೇನೂ ಇಲ್ಲ. ಆದರ ಅವ್ವ ಒಪ್ಪವಲ್ಲಳು.’

‘ನೀವು ಏನಂತೀರಿ?’

ಅವರು ಟೋಪಿ ತೆಗೆದು ಕೈಯಾಗ ತಿರುಗಿಸಿದರು. ಆಮ್ಯಾಲೆ ‘ನಾ ಏನು ಮಾಡಲಿ ಹೇಳ್ರಿ’ ಅಂದರು.

ಅದನ್ನ ನನ್ನ ಕೇಳತೀರೇನು ಅನ್ನಬೇಕಂತ ಬಾಯಿ ತನಕ ಬಂದಿತ್ತು. ಅನ್ನಲಿಲ್ಲ. ಗಾಡಿ ಹೊತ್ತಾಯ್ತು, ಹೋಗಿ ಬರ್ರಿ ಅಂದೆ. ಅವರು ಕೆಟ್ಟವರಲ್ಲ ಅಣ್ಣ. ಅವತ್ತು ಮನಿಗೆ ಬಂದು ಅತ್ತೆ. ಅವ್ವ ಸಂಗಟ ಕುಂತು ತಾನೂ ಅತ್ತಳು. ಆಮ್ಯಾಲೆ ಇಬ್ಬರೂ ಉಂಡೆವು. ಈಗ ಆಕಿ ಮೊದಲಿನಂಗ ಮಾತಾಡಾಕತ್ತಾಳ.

ಕೂದಲು ಬರಾಕತ್ತಾವ. ಡಾಕ್ಟರು ಹೇಳಿದಂಗೇ, ಹಣೆ ಮ್ಯಾಲೆ ಸಣ್ಣ ಸಣ್ಣವು ನೆಟ್ಟಗ ನಿಂತಾವ. ಕಿವಿ ಮ್ಯಾಲಿನ ಜಾಗ ಹಂಗೇ ಅದ.

ಈಗ ನಿನಗ ಹೇಳಬೇಕಾದ ಮಾತು. ನಿನ್ನೆ ಸಾಲಿ ಬಿಟ್ಟ ಮ್ಯಾಲೆ ಇಬ್ಬರು ಹೆಂಗಸರು ಬಂದರು. ಒಬ್ಬಾಕಿ ಚಿಮ್ಮನಚೋಡದ ಚಂದಮ್ಮ. ಬಸ್ಸಿನ ಧೂಳು ಮೈತುಂಬ ಇತ್ತು. ಕೈಯಾಗ ನಿನ್ನ ಕಾರ್ಡು ಹಿಡಿದಿದ್ದಳು.

‘ಈ ಸೂಗಮ್ಮ ಅಂಬೋರು ನೀವೇ ಏನ್ರಿ?’ ಅಂದಳು. ‘ಖರೇನೇ ಇದ್ದೀರೋ, ಇದೂ ಸುಳ್ಳೋ ಅಂತ ನೋಡಾಕ ಬಂದೆ.’

ಒಳಗ ಕರದೆ, ಬಾಗಲಾ ಹಾಕಿ ಸೆರಗು ತೆಗೆದೆ. ಆಕಿ ಹತ್ತಿರ ಬಂದು ನೋಡಿ ತನ್ನ ಸೆರಗೂ ತೆಗೆದಳು. ಆಕಿಗೂ ನೆತ್ತಿ ಮ್ಯಾಲೆ ಗುಳ್ಳಿ ಎದ್ದಿದ್ದವು, ಆದರ ಒಣಗ್ಯಾವ. ಎರಡು ದಿನ ಹಚ್ಚಿದ್ದಳಂತ. ನಿನ್ನ ಕಾರ್ಡು ಬಂತು. ಗಂಡ ಕಟ್ಟಿ ಮ್ಯಾಲೆ ಓದಿಸಿ ಕೇಳಿ, ಮನಿಗೆ ಬಂದು ಬೈದು, ಬಾಟ್ಲಿ ತಿಪ್ಪಿಗೆ ಒಗದನಂತ. ‘ಬೈದದ್ದು ಬೈದ. ಕಾರ್ಡು ಬರದಿದ್ದರ ನಾ ಇನ್ನೂ ಹಚ್ಚತಿದ್ದೆ ನೋಡ್ರಿ’ ಅಂದಳು.

ಸಂಗಟ ಬಂದಾಕಿ ಆಕಿ ಓರಗಿತ್ತಿ. ಆಕಿ ಹೆಸರಿಗೂ ಕಾರ್ಡು ಬಂದಿತ್ತಂತ. ಆಕಿ ಗಂಡ ಓದಿಸಿ ಕೇಳಿ ಕೈ ಮಾಡ್ಯಾನ. ಆಕಿ ಸಿಟ್ಟಿಗೆ ಬಾಟ್ಲಿ ಜೋಳ ತುಂಬೋ ನೆಲದ ಹಗೇವಿನ್ಯಾಗ ಮುಚ್ಚಿಟ್ಟು ಮತ್ತ ಹಚ್ಚಾಕತ್ತಿದ್ದಳು. ಗುಣ ಆಗಿ ತೋರಿಸಿದರ ಹೊಡೆದಾವ ಸುಮ್ಮನಾಗ್ತಾನ ಅಂತ. ನನ್ನ ಗಾಯದ ಮ್ಯಾಲೆ ಬೆರಳಿಟ್ಟು ಕೇಳಿದಳು:

‘ಇದು ಉರೀತಿತ್ತೇನ್ರಿ?’

‘ಉರೀತಿತ್ತು.’

‘ಉರಿ ಛಲೋ ಅಂತ ಬರದಿದ್ದರಲ್ಲರಿ.’

‘ಬರದಿದ್ದರು. ನೋಡು, ಉರಿದ ಜಾಗದಾಗೇ ಬಂದಿಲ್ಲ. ಉರಿಯದ ಜಾಗದಾಗ ತಾವಾಗೇ ಬರಾಕತ್ತಾವ.’

ಆಕಿ ನನ್ನ ಹಣೆ ಮ್ಯಾಲಿನ ಸಣ್ಣ ಕೂದಲು ಸವರಿ ನೋಡಿದಳು. ಹಿಂದ ಒಂದು ಸಲ, ಮುಂದ ಒಂದು ಸಲ. ಆಮ್ಯಾಲೆ ಮಡಿಲಿಂದ ಬಾಟ್ಲಿ ತೆಗೆದು ನನ್ನ ಕೈಯಾಗ ಕೊಟ್ಟಳು. ಬರೋವಾಗೇ ತಂದಿದ್ದಳು. ಆಕಿಗೆ ಕರೀಮ್ ಡಾಕ್ಟರ ದವಾಖಾನಿ ಹಾದಿ ಹೇಳೀನಿ. ಗುರುವಾರ ಚಂದಮ್ಮ ಕರಕೊಂಡು ಹೋಗತಾಳ.

ಅಣ್ಣ, ನಿನ್ನ ಕಾರ್ಡಿನಿಂದ ಒಬ್ಬಾಕಿ ಉಳಿದಳು, ಒಬ್ಬಾಕಿ ಹೊಡೆಸಿಕೊಂಡಳು. ಉಳಿದ ಐವತ್ತು ಮಂದಿಗೆ ಏನಾಗ್ಯಾದೋ ನನಗ ಗೊತ್ತಿಲ್ಲ. ರಾತ್ರಿ ಎಚ್ಚರಾದರ ಅದೇ ಕಾಡ್ತದ. ಈ ಸಲ ಲಕೋಟಿಯಾಗ ಬರೀಬೇಕು. ನನ್ನ ಹೆಸರಿಲೆ, ಹೆಂಗಸು ಹೆಂಗಸಿಗೆ ಬರದಂಗ. ಎಣ್ಣಿ ಮಾತು ಹೊರಗ ಕಾಣಬಾರದು. ‘ಸೇಡಂ ಸಂತಿಗೆ ಬಂದಾಗ ಕನ್ಯಾಶಾಲೆಗೆ ಬಂದು ಭೆಟ್ಟಿ ಆಗ್ರಿ’ ಅಂತ ಅಷ್ಟೇ. ಬಂದವರಿಗೆ ನಾ ತಲಿ ತೋರಿಸ್ತೀನಿ. ಬೀಗರಿಗೆ ತೋರಿಸಂಗಿಲ್ಲ ಅಂದೆ, ಇವರಿಗೆ ತೋರಿಸ್ತೀನಿ. ಇದು ನಾನೇ ಒಪ್ಪಿದ್ದು.

ನಿನ್ನ ಕ್ಷಮಾ ಮಾಡೀನೋ ಇಲ್ಲೋ ನನಗ ಇನ್ನೂ ತಿಳಿದಿಲ್ಲ. ಆದರ ವಿಳಾಸದ ಪಟ್ಟಿ ನಿನ್ನ ಹತ್ತಿರ ಅದ, ಐವತ್ತು ಕಾಗದ ನನಗ ಒಬ್ಬಾಕಿಗೆ ಬರಿಯಾಕ ಆಗಂಗಿಲ್ಲ. ಐತವಾರ ಮುಂಜಾನಿ ಗಾಡಿಗೆ ಬಾ. ನಾ ಹೇಳ್ತೀನಿ, ನೀ ಬರಿ.

ಸೂಗಮ್ಮ